ಟೆಸ್ಟು ಎಷ್ಟು ಹೊತ್ತು ಓಡಬೇಕು?

ಮಾಲೂರಿನಿಂದ ವೈಟ್‌ಫೀಲ್ಡಿಗೆ ದಿನಾ ರೈಲಿನಲ್ಲಿ ಓಡಾಡುವ ಸಾಫ್ಟ್‌ವೇರ್ ಹುಡುಗ ಹುಡುಗಿಯರ ಪತ್ರಗಳಲ್ಲಿ ಈಚೆಗೆ ಒಂದೇ ಪ್ರಶ್ನೆ ಬೇರೆ ಬೇರೆ ವೇಷದಲ್ಲಿ ಬರುತ್ತಿದೆ. ‘ನಮ್ಮ ಪ್ರಾಜೆಕ್ಟಿನ ಟೆಸ್ಟುಗಳು ಮುಗಿಯೋಕೆ ಒಂದೂವರೆ ಗಂಟೆ ಬೇಕು ಸಾರ್. ನಡುವೆ ಒಂದು ಟೆಸ್ಟು ಟೈಮ್‌ಔಟ್ ಆದರೆ ಮತ್ತೆ ಮೊದಲಿಂದ. ಲೀಡ್ ಹತ್ರ ಹೋದರೆ ಟೈಮ್‌ಔಟ್ ಜಾಸ್ತಿ ಮಾಡ್ಕೊ ಅಂತಾರೆ. ಅದು ಸರೀನಾ?’ ಮುಳಬಾಗಿಲಿನ ಓದುಗರೊಬ್ಬರದು ಇನ್ನೂ ನೇರ: ‘ಟೆಸ್ಟುಗಳಿಗೆ ಸ್ಮಾಲ್, ಮೀಡಿಯಂ, ಲಾರ್ಜ್ ಅಂತ ಹೆಸರಿಟ್ಟರೆ ಅವು ಬೇಗ ಓಡ್ತವಾ?’ ಹೆಸರಿಟ್ಟ ಮಾತ್ರಕ್ಕೆ ಓಡುವುದಿಲ್ಲ. ಆದರೆ ಹೆಸರಿಡಲು ಕೂತರೆ ಯಾವುದು ಯಾಕೆ ನಿಧಾನ ಎಂಬುದು ತಾನಾಗಿ ಹೊರಬೀಳುತ್ತದೆ.

ಈ ಅಂಕಣ ಓದುವವರೆಲ್ಲ ಸಾಫ್ಟ್‌ವೇರಿನವರಲ್ಲ. ಮನೆಯಲ್ಲಿ ಮಗನೋ ಸೊಸೆಯೋ ರಾತ್ರಿ ಹತ್ತಾದರೂ ‘ಬಿಲ್ಡ್ ಫೇಲಾಯ್ತು’ ಎಂದು ಗೊಣಗುವುದನ್ನು ಕೇಳಿಸಿಕೊಂಡವರೂ ಇದ್ದಾರೆ. ಅವರಿಗಾಗಿ ನಮ್ಮ ಕೋಲಾರ ಜಿಲ್ಲೆಯ ಯಾವ ಹಳ್ಳಿಯಲ್ಲೂ ಕಾಣುವ ಒಂದು ಉದಾಹರಣೆ ತೆಗೆದುಕೊಳ್ಳುತ್ತೇನೆ: ಹಾಲಿನ ಡೈರಿಯ ಕಂಪ್ಯೂಟರ್. ಹಾಲು ತೂಗುತ್ತದೆ, ಯಂತ್ರ ಫ್ಯಾಟು ಮತ್ತು ಎಸ್‌ಎನ್‌ಎಫ್ (ಕೊಬ್ಬೇತರ ಘನಾಂಶ) ಹೇಳುತ್ತದೆ, ದರಪಟ್ಟಿ ನೋಡಿ ಚೀಟಿ ಹರಿದು ಬರುತ್ತದೆ. ಆ ಚೀಟಿಯ ಹಿಂದೆ ಒಂದು ತಂತ್ರಾಂಶವಿದೆ. ಅದನ್ನು ಬರೆದವರು ಅದರಲ್ಲಿ ಒಂದು ಸಾಲು ಬದಲಿಸಿದಾಗಲೆಲ್ಲ ಹಳೆಯ ಲೆಕ್ಕ ಕೆಟ್ಟಿಲ್ಲವೆಂದು ಖಾತ್ರಿ ಮಾಡಿಕೊಳ್ಳಬೇಕು. ಆ ಖಾತ್ರಿಯನ್ನು ಮನುಷ್ಯರ ಬದಲು ಇನ್ನೊಂದು ಪ್ರೋಗ್ರಾಮಿಗೇ ವಹಿಸಿದರೆ ಅದೇ ಆಟೊಮೇಟೆಡ್ ಟೆಸ್ಟ್. ಒಂದು ತಂತ್ರಾಂಶಕ್ಕೆ ಇಂಥವು ಸಾವಿರಾರು ಇರುತ್ತವೆ.

ಆ ಸಾವಿರಾರರಲ್ಲಿ ಮೂರನ್ನು ಹತ್ತಿರದಿಂದ ನೋಡೋಣ. ಮೊದಲನೆಯದು ಬರೀ ಲೆಕ್ಕ. ಫ್ಯಾಟ್ 3.5, ಎಸ್‌ಎನ್‌ಎಫ್ 8.5 ಇರುವ ಹಾಲಿಗೆ ಲೀಟರಿಗೆ 35 ರೂಪಾಯಿ ಅಂತ ದರಪಟ್ಟಿ ಕೊಟ್ಟರೆ 6.4 ಲೀಟರಿಗೆ 224 ರೂಪಾಯಿ ಬರಬೇಕು. ಬಂತೋ ಇಲ್ಲವೋ, ಅಷ್ಟೆ. ಇದಕ್ಕೆ ಒಂದು ಮಿಲಿಸೆಕೆಂಡೂ ಬೇಡ. ಎರಡನೆಯದು ಅದೇ ಕಂಪ್ಯೂಟರಿನಲ್ಲಿ ನಿಜವಾದ ಡೇಟಾಬೇಸ್ ತೆರೆದು, ಹತ್ತಾರು ಜನರ ಬೆಳಗಿನ ಮತ್ತು ಸಂಜೆಯ ಹಾಲನ್ನು ಬರೆದುಕೊಂಡು, ಬಟವಾಡೆಯ ದಿನ ಒಬ್ಬೊಬ್ಬರ ಮೊತ್ತ ಸರಿ ಬರುತ್ತದೆಯೇ ಎಂದು ನೋಡುತ್ತದೆ. ಇದಕ್ಕೆ ಕೆಲವು ಸೆಕೆಂಡು ಹಿಡಿಯುತ್ತದೆ. ಮೂರನೆಯದು ಇಡೀ ಮೆರವಣಿಗೆ: ತಕ್ಕಡಿಯ ಮತ್ತು ಯಂತ್ರದ ಅಂಕಿ ಒಳಗೆ ಬಂದು, ಒಕ್ಕೂಟದ ಸರ್ವರಿಗೆ ಹೋಗಿ, ಸರ್ಕಾರದ ಪ್ರೋತ್ಸಾಹಧನದ ಪಟ್ಟಿಯಲ್ಲಿ ಸೇರಿ, ಬ್ಯಾಂಕಿಗೆ ತಲುಪಿ, ರೈತರ ಮೊಬೈಲಿಗೆ ಮೆಸೇಜು ಬರುವವರೆಗೆ. ಇದು ಹತ್ತು ನಿಮಿಷ ತೆಗೆದುಕೊಂಡರೂ ಆಶ್ಚರ್ಯವಿಲ್ಲ.

ಮೂರನ್ನೂ ‘ಟೆಸ್ಟ್’ ಎಂದೇ ಕರೆಯುವುದು ಗೊಂದಲದ ಮೂಲ. ಯೂನಿಟ್, ಇಂಟಿಗ್ರೇಷನ್, ಫಂಕ್ಷನಲ್, ಸಿಸ್ಟಂ, ಎಂಡ್ ಟು ಎಂಡ್ ಎಂಬ ಹೆಸರುಗಳೇನೋ ಇವೆ. ಆದರೆ ಒಂದು ಕಂಪನಿಯ ಇಂಟಿಗ್ರೇಷನ್ ಇನ್ನೊಂದು ಕಂಪನಿಯ ಫಂಕ್ಷನಲ್. ಈ ರಗಳೆಯಿಂದ ತಪ್ಪಿಸಿಕೊಳ್ಳಲು ಗೂಗಲ್ ಕಂಪನಿಯವರು ಹೆಸರುಗಳ ಸಹವಾಸ ಬಿಟ್ಟು ಗಾತ್ರದ ಮಾತಾಡಲು ಶುರು ಮಾಡಿದರು. ವೆಬ್‌ಡ್ರೈವರ್ ಎಂಬ ಬ್ರೌಸರ್ ಪರೀಕ್ಷಾ ಸಾಧನವನ್ನು ಕಟ್ಟಿದ ಸೈಮನ್ ಸ್ಟೂವರ್ಟ್ 2010ರ ಡಿಸೆಂಬರಿನಲ್ಲಿ ಈ ಪದ್ಧತಿಯನ್ನು ಹೊರಜಗತ್ತಿಗೆ ವಿವರಿಸಿ ಬರೆದರು. ಸ್ಮಾಲ್ ಟೆಸ್ಟು ನೆಟ್‌ವರ್ಕ್ ಮುಟ್ಟಬಾರದು, ಡೇಟಾಬೇಸ್ ಮುಟ್ಟಬಾರದು, ಫೈಲ್ ತೆರೆಯಬಾರದು, ‘ಸ್ಲೀಪ್’ ಹಾಕಿ ಸುಮ್ಮನೆ ಕಾಯಬಾರದು. ಮೀಡಿಯಂ ಇವನ್ನೆಲ್ಲ ಮಾಡಬಹುದು, ನೆಟ್‌ವರ್ಕ್ ಮಾತ್ರ ತಾನಿರುವ ಯಂತ್ರದೊಳಗೇ ಇರಬೇಕು. ಲಾರ್ಜಿಗೆ ಅಡ್ಡಿಯಿಲ್ಲ. ಸಮಯದ ಮಿತಿ ಸ್ಮಾಲಿಗೆ 60 ಸೆಕೆಂಡು, ಮೀಡಿಯಮ್ಮಿಗೆ 300, ಲಾರ್ಜಿಗೆ 900. ಅದೇ ಕಂಪನಿ 2015ರಲ್ಲಿ ಎಲ್ಲರಿಗೂ ಬಿಟ್ಟುಕೊಟ್ಟ ಬೇಜೆಲ್ ಎಂಬ ಬಿಲ್ಡ್ ಸಾಧನದಲ್ಲಿ ಇವೇ ಅಂಕಿಗಳಿವೆ. ಜೊತೆಗೆ 3600 ಸೆಕೆಂಡಿನ ‘ಎನಾರ್ಮಸ್’ ಎಂಬ ನಾಲ್ಕನೇ ಗಾತ್ರವೂ ಇದೆ. ಗಾತ್ರ ಹೇಳದೆ ಬಿಟ್ಟರೆ ಬೇಜೆಲ್ ಮೀಡಿಯಂ ಎಂದುಕೊಳ್ಳುತ್ತದೆ. ಮುಂದೆ 2020ರಲ್ಲಿ ಬಂದ ಗೂಗಲ್ ಎಂಜಿನಿಯರುಗಳ ಪುಸ್ತಕ ಇದನ್ನು ಇನ್ನೂ ಸರಳ ಮಾಡಿತು: ಸ್ಮಾಲ್ ಅಂದರೆ ಒಂದೇ ಪ್ರೊಸೆಸ್, ಮೀಡಿಯಂ ಅಂದರೆ ಒಂದೇ ಯಂತ್ರ, ಲಾರ್ಜ್ ಅಂದರೆ ಎಷ್ಟು ಯಂತ್ರಗಳಾದರೂ ಸರಿ.

ಬಹಳ ಜನ ಜಾರುವುದು ಇಲ್ಲೇ. ಬೇಗ ಮುಗಿದರೆ ಸ್ಮಾಲ್, ತಡವಾದರೆ ಲಾರ್ಜ್ ಎಂದು ಗಡಿಯಾರ ನೋಡಿ ಪಟ್ಟಿ ಹಚ್ಚುತ್ತಾರೆ. ಗಾತ್ರ ತೀರ್ಮಾನವಾಗಬೇಕಾದದ್ದು ಟೆಸ್ಟು ಏನೇನು ಮುಟ್ಟುತ್ತದೆ ಎಂಬುದರ ಮೇಲೆ. ಹೊರಗಿನ ಸರ್ವರಿಗೆ ಒಂದು ಸಲ ಹೋಗಿ ಬರುವ ಟೆಸ್ಟು ಬೆಂಗಳೂರಿನ ಆಫೀಸಿನಲ್ಲಿ ಅರ್ಧ ಸೆಕೆಂಡಿನಲ್ಲಿ ಮುಗಿಯಬಹುದು. ಹಾಗಂತ ಅದು ಸ್ಮಾಲ್ ಆಗುವುದಿಲ್ಲ. ಅದೇ ಟೆಸ್ಟನ್ನು ಟೇಕಲ್ ಹತ್ತಿರ ಸಿಗ್ನಲ್ ಬಂದು ಹೋಗಿ ಮಾಡುವಾಗ ರೈಲಿನಲ್ಲಿ ಕೂತು ಓಡಿಸಿದರೆ ಅದರ ನಿಜವಾದ ಗಾತ್ರ ಗೊತ್ತಾಗುತ್ತದೆ.

ಮುಟ್ಟಬಾರದು ಎಂಬ ಕಟ್ಟುಪಾಡಿಗೆ ವೇಗ ಒಂದೇ ಕಾರಣವಲ್ಲ. ಡೈರಿ ತಂತ್ರಾಂಶದಲ್ಲೇ ಇದನ್ನು ನೋಡಬಹುದು. ಕ್ಲೌಡಿನಲ್ಲಿರುವ ಸರ್ವರುಗಳು ಸಾಮಾನ್ಯವಾಗಿ ಗ್ರೀನಿಚ್ ಹೊತ್ತಿನಲ್ಲಿ ನಡೆಯುತ್ತವೆ. ನಮ್ಮ ಗಡಿಯಾರ ಅದಕ್ಕಿಂತ ಐದೂವರೆ ಗಂಟೆ ಮುಂದೆ. ಹಾಲಿನ ಗಾಡಿ ಬೇಗ ಬರುವ ಊರಲ್ಲಿ ಒಬ್ಬ ಹೆಂಗಸು 12ನೇ ತಾರೀಖು ಬೆಳಗ್ಗೆ 5 ಗಂಟೆ 20 ನಿಮಿಷಕ್ಕೆ ಹಾಲು ಹಾಕುತ್ತಾರೆ ಅಂದುಕೊಳ್ಳಿ. ಸರ್ವರಿನ ಲೆಕ್ಕದಲ್ಲಿ ಆಗ ಇನ್ನೂ 11ನೇ ತಾರೀಖು ರಾತ್ರಿ 11 ಗಂಟೆ 50 ನಿಮಿಷ. ಪ್ರೋಗ್ರಾಂ ಬರೆದವರು ಎಚ್ಚರ ತಪ್ಪಿದ್ದರೆ ಆಕೆಯ ಹಾಲು ನಿನ್ನೆಯ ದಿನಕ್ಕೆ ಬೀಳುತ್ತದೆ, ಹತ್ತೇ ನಿಮಿಷ ತಡವಾಗಿ ಬಂದ ಪಕ್ಕದ ಮನೆಯವರದು ಇವತ್ತಿನ ದಿನಕ್ಕೆ. ನಿನ್ನೆ ಬೆಳಗಿನ ಹಾಲು ಆಕೆಯ ಹೆಸರಲ್ಲಿ ಆಗಲೇ ದಾಖಲಾಗಿರುವುದರಿಂದ ಹೊಸದು ಹಳೆಯದನ್ನು ಅಳಿಸಿದರೂ ಅಳಿಸಬಹುದು. ಬಟವಾಡೆಯ ದಿನ ಜಗಳ.

ಇದನ್ನು ಲಾರ್ಜ್ ಟೆಸ್ಟು ಹಿಡಿಯುತ್ತದೆಯೇ? ಹಗಲು ಹನ್ನೊಂದಕ್ಕೆ ಓಡಿಸಿದರೆ ಹಿಡಿಯುವುದಿಲ್ಲ, ಆ ಹೊತ್ತಿನಲ್ಲಿ ಎರಡೂ ಕಡೆ ಒಂದೇ ತಾರೀಖು. ರಾತ್ರಿ ಎರಡಕ್ಕೆ ತಾನಾಗಿ ಓಡಿದರೆ ಫೇಲಾಗುತ್ತದೆ. ಬೆಳಗ್ಗೆ ಹತ್ತಕ್ಕೆ ಬಂದವರು ಮತ್ತೆ ಓಡಿಸುತ್ತಾರೆ, ಪಾಸಾಗುತ್ತದೆ. ‘ಅದು ಫ್ಲೇಕಿ, ಬಿಡಿ’ ಎಂದು ಕಾಫಿಗೆ ಹೋಗುತ್ತಾರೆ. ಸ್ಮಾಲ್ ಟೆಸ್ಟಿನಲ್ಲಿ ಯಂತ್ರದ ಗಡಿಯಾರವನ್ನೇ ನೋಡಬಾರದು ಎಂಬ ಕಟ್ಟುನಿಟ್ಟು ಇಟ್ಟುಕೊಂಡ ತಂಡಗಳಿವೆ. ಅಲ್ಲಿ ಪ್ರೋಗ್ರಾಂ ಬರೆಯುವವರು ಹೊತ್ತನ್ನು ಹೊರಗಿನಿಂದ ಕೊಡುವ ಹಾಗೆಯೇ ಬರೆಯಬೇಕಾಗುತ್ತದೆ. ಆಮೇಲೆ 5.20 ಕೊಟ್ಟು ನೋಡುವುದು, 5.30 ಕೊಟ್ಟು ನೋಡುವುದು, ಫೆಬ್ರುವರಿ 29 ಕೊಟ್ಟು ನೋಡುವುದು ಎಲ್ಲ ಒಂದೊಂದು ಸಾಲಿನ ಕೆಲಸ. ನನ್ನ ಮಟ್ಟಿಗೆ ಗಾತ್ರದ ಪದ್ಧತಿಯ ಅತಿ ದೊಡ್ಡ ಲಾಭ ಇದು, ಉಳಿದ ಸೆಕೆಂಡುಗಳ ಉಳಿತಾಯ ಅದರ ಮೇಲಿನ ಕೆನೆ.

ಹಾಲಿನವರಿಗೆ ಈ ವಿಂಗಡಣೆ ಹೊಸದೇನಲ್ಲ. ಡೈರಿಯ ಬಾಗಿಲಲ್ಲಿ ಪ್ರತಿಯೊಬ್ಬರ ಹಾಲಿಗೂ ಆ ಕ್ಷಣದ ಪರೀಕ್ಷೆ. ಶೀತಲೀಕರಣ ಕೇಂದ್ರದಲ್ಲಿ ಊರಿನ ಒಟ್ಟು ಹಾಲಿಗೆ ಇನ್ನೊಂದು. ಒಕ್ಕೂಟದ ಡೈರಿಯ ಪ್ರಯೋಗಾಲಯದಲ್ಲಿ ಟ್ಯಾಂಕರಿಗೆ ಮತ್ತೊಂದು, ಅದು ವಿವರವಾದದ್ದು. ಎಲ್ಲರ ಕ್ಯಾನಿನ ಹಾಲನ್ನೂ ಪ್ರಯೋಗಾಲಯಕ್ಕೇ ಕಳಿಸುತ್ತೇವೆಂದು ಹೊರಟರೆ ಹಾಲು ಒಡೆಯುತ್ತದೆ. ಬಾಗಿಲ ಪರೀಕ್ಷೆಯೊಂದೇ ಸಾಕೆಂದರೂ ನಡೆಯದು. ಟ್ಯಾಂಕರಿನಲ್ಲಿ ತಪ್ಪು ಕಂಡರೆ ಅದು ಯಾವ ಊರಿನದು, ಯಾರ ಮನೆಯದು ಎಂದು ಹಿಂದಕ್ಕೆ ಹುಡುಕಿಕೊಂಡು ಹೋಗಬೇಕು; ಬಾಗಿಲಲ್ಲೇ ಕಂಡರೆ ಕ್ಯಾನು ಎದುರಿಗೇ ಇರುತ್ತದೆ. ಟೆಸ್ಟುಗಳ ಪೈಕಿ ಸ್ಮಾಲ್ ಹೆಚ್ಚಿರಬೇಕು ಎನ್ನುವುದಕ್ಕೂ ಇದೇ ಕಾರಣ. ನೂರಕ್ಕೆ ಸುಮಾರು 80 ಭಾಗ ಸಣ್ಣ ವ್ಯಾಪ್ತಿಯವು, 15 ಭಾಗ ನಡುವಿನವು, 5 ಭಾಗ ದೊಡ್ಡವು ಎಂಬ ಅಂದಾಜನ್ನು ಗೂಗಲ್‌ನವರ ಪುಸ್ತಕ ಕೊಡುತ್ತದೆ. ಅಷ್ಟೇ ಆಗಬೇಕೆಂಬ ಹಟವೇನೂ ಬೇಡ.

ದೊಡ್ಡ ಟೆಸ್ಟುಗಳ ಇನ್ನೊಂದು ತೊಂದರೆ ಅವು ಆಗಾಗ ಸುಳ್ಳು ಹೇಳುವುದು. 2017ರಲ್ಲಿ ಗೂಗಲ್ ಪ್ರಕಟಿಸಿದ ಲೆಕ್ಕದಲ್ಲಿ ಸ್ಮಾಲ್ ಟೆಸ್ಟುಗಳಲ್ಲಿ ಫ್ಲೇಕಿ ಆಗಿದ್ದವು ಶೇ. 0.5, ಮೀಡಿಯಮ್ಮಿನಲ್ಲಿ ಶೇ. 1.6, ಲಾರ್ಜಿನಲ್ಲಿ ಶೇ. 14. ಫ್ಲೇಕಿ ಅಂದರೆ ಕೋಡಿನಲ್ಲಿ ಏನೂ ಬದಲಾಗದೆ ಒಮ್ಮೆ ಪಾಸು, ಒಮ್ಮೆ ಫೇಲು. ನಿಮ್ಮಲ್ಲಿ ನೂರು ದೊಡ್ಡ ಟೆಸ್ಟುಗಳಿದ್ದು ಪ್ರತಿಯೊಂದೂ ನೂರಕ್ಕೆ ಒಂದು ಸಲ ಮಾತ್ರ ಸುಮ್ಮಸುಮ್ಮನೆ ಫೇಲಾಗುತ್ತದೆ ಎಂದಿಟ್ಟುಕೊಳ್ಳಿ. ನೂರೂ ಒಟ್ಟಿಗೆ ಪಾಸಾಗುವ ಸಾಧ್ಯತೆ ಶೇ. 37ಕ್ಕಿಂತ ಸ್ವಲ್ಪ ಕಡಿಮೆ. ಅಂದರೆ ಕೋಡು ಸರಿಯಿದ್ದಾಗಲೂ ಮೂರರಲ್ಲಿ ಎರಡು ಸಲ ಕೆಂಪು ದೀಪ. ಆ ಕೆಂಪನ್ನು ಯಾರು ನಂಬುತ್ತಾರೆ?

ಇನ್ನು ಸಮಯದ ಮಿತಿ. ಒಂದು ಪ್ರೋಗ್ರಾಂ ಎಂದಾದರೂ ನಿಲ್ಲುತ್ತದೆಯೋ ಇಲ್ಲವೋ ಎಂಬುದನ್ನು ಎಲ್ಲ ಪ್ರೋಗ್ರಾಮುಗಳಿಗೂ ಮುಂಚೆಯೇ ಹೇಳಬಲ್ಲ ಉಪಾಯ ಇರಲಾರದು ಎಂದು ಅಲನ್ ಟ್ಯೂರಿಂಗ್ 1936ರಲ್ಲೇ ಗಣಿತದಿಂದ ತೋರಿಸಿದ್ದಾರೆ. ನಮಗೆ ಉಳಿದಿರುವುದು ಒರಟು ದಾರಿ: ಇಷ್ಟು ಹೊತ್ತು ಕಾಯುತ್ತೇವೆ, ಆಮೇಲೆ ಕತ್ತು ಹಿಡಿದು ನಿಲ್ಲಿಸುತ್ತೇವೆ. ಈ ‘ಇಷ್ಟು’ ಎಷ್ಟೆಂಬುದರಲ್ಲಿ ಸಾಧನಗಳಿಗೇ ಒಮ್ಮತವಿಲ್ಲ. ಜಾವಾಸ್ಕ್ರಿಪ್ಟಿನ ಮೋಕಾ ಒಂದು ಟೆಸ್ಟಿಗೆ 2 ಸೆಕೆಂಡು ಕೊಡುತ್ತದೆ, ಜೆಸ್ಟ್ 5 ಸೆಕೆಂಡು. ಗೋ ಭಾಷೆಯಲ್ಲಿ ಒಂದು ಪ್ಯಾಕೇಜಿನ ಟೆಸ್ಟುಗಳಿಗೆಲ್ಲ ಸೇರಿ 10 ನಿಮಿಷ. ಪೈಥಾನಿನ ಪೈಟೆಸ್ಟಿನಲ್ಲಿ ಮಿತಿಯೇ ಇಲ್ಲ, ಬೇಕಾದವರು ಪ್ಲಗಿನ್ ಹಾಕಿಕೊಳ್ಳಬೇಕು. ಗಿಟ್‌ಹಬ್ ಆಕ್ಷನ್ಸ್‌ನಲ್ಲಿ ಏನೂ ಹೇಳದಿದ್ದರೆ ಒಂದು ಜಾಬು 360 ನಿಮಿಷದವರೆಗೆ ಓಡುತ್ತದೆ. ಆರು ಗಂಟೆ! ಸಂಜೆ ಆರಕ್ಕೆ ಸಿಕ್ಕಿಹಾಕಿಕೊಂಡ ಟೆಸ್ಟು ನೀವು ಮನೆಗೆ ಬಂದು ಊಟ ಮಾಡಿ ಮಲಗಿದ ಮೇಲೂ ದುಡ್ಡು ತಿನ್ನುತ್ತಲೇ ಇರುತ್ತದೆ.

ಈಗ ಮಾಲೂರಿನ ಪ್ರಶ್ನೆಗೆ ಬರುತ್ತೇನೆ. ಟೈಮ್‌ಔಟ್ ಹೆಚ್ಚಿಸುವುದು ಸರಿಯೇ? ನಾನು ಹಿಂದೆ ಕೆಲಸ ಮಾಡಿದ ಒಂದು ಕಡೆ ಮೆಸೇಜು ಕಳಿಸುವ ಟೆಸ್ಟೊಂದಕ್ಕೆ 30 ಸೆಕೆಂಡು ಮಿತಿ ಇತ್ತು. ಅದು 60 ಆಯಿತು, 120 ಆಯಿತು, ಕೊನೆಗೆ 300. ಪ್ರತಿ ಸಲವೂ ಬದಲಾವಣೆಯ ಪಕ್ಕದಲ್ಲಿ ‘ಸರ್ವರ್ ಸ್ಲೋ’ ಎಂಬ ಒಕ್ಕಣೆ. ಒಂದು ದಿನ ಹೊಸದಾಗಿ ಸೇರಿದ ಹುಡುಗಿಯೊಬ್ಬಳು ಲಾಗು ಬಿಚ್ಚಿ ಕೂತಳು. ಟೆಸ್ಟು ಹೊರಗಿನ ಗೇಟ್‌ವೇಗೆ ಸಂಪರ್ಕಿಸುತ್ತಿತ್ತು, ಅದು ಉತ್ತರ ಕೊಡುತ್ತಿರಲಿಲ್ಲ, ಪ್ರೋಗ್ರಾಂ ಪ್ರತಿ ಸಲ ಹಿಂದಿನದಕ್ಕಿಂತ ದುಪ್ಪಟ್ಟು ಹೊತ್ತು ಕಾದು ಮತ್ತೆ ಪ್ರಯತ್ನಿಸುತ್ತಿತ್ತು. ಮಿತಿಯನ್ನು ದುಪ್ಪಟ್ಟು ಮಾಡಿದಷ್ಟೂ ಇನ್ನೊಂದು ಪ್ರಯತ್ನಕ್ಕೆ ಜಾಗ ಸಿಗುತ್ತಿತ್ತು, ಅಷ್ಟೆ. ಗೇಟ್‌ವೇ ಉತ್ತರ ಕೊಡದಿದ್ದರೆ ನಿಜವಾದ ಗ್ರಾಹಕರೂ ಅಷ್ಟೇ ಹೊತ್ತು ಕಾಯುತ್ತಿದ್ದರು. ಟೆಸ್ಟು ಹೇಳಲು ಬಂದದ್ದು ಅದನ್ನೇ, ಮೂರು ಸಲವೂ ಅದರ ಬಾಯಿ ಮುಚ್ಚಿಸಿದ್ದರು.

ಮಿತಿ ಹೆಚ್ಚಿಸುವುದೇ ಸರಿಯಾದ ಸಂದರ್ಭಗಳೂ ಇವೆ. ಶ್ರೀನಿವಾಸಪುರದಿಂದ ಮನೆಯಲ್ಲೇ ಕೂತು ಕೆಲಸ ಮಾಡುವ ಓದುಗರೊಬ್ಬರು ಕರೆಂಟು ಹೋದ ಹೊತ್ತಲ್ಲೇ ತಮ್ಮ ಟೆಸ್ಟುಗಳು ಟೈಮ್‌ಔಟ್ ಆಗುತ್ತವೆ ಎಂದು ಬರೆದಿದ್ದಾರೆ. ಇದರಲ್ಲಿ ನಿಗೂಢವೇನಿಲ್ಲ. ಚಾರ್ಜರಿನಿಂದ ಬ್ಯಾಟರಿಗೆ ಬಂದ ಕೂಡಲೇ ಬಹಳಷ್ಟು ಲ್ಯಾಪ್‌ಟಾಪುಗಳು ಪ್ರೊಸೆಸರನ್ನು ನಿಧಾನ ಮಾಡುತ್ತವೆ. ಮೆಮೊರಿ ತಪ್ಪು ಹುಡುಕುವ ಸಾಧನಗಳ ಅಡಿಯಲ್ಲಿ ಓಡಿಸಿದಾಗಲೂ ಹೀಗೇ, ಟೆಸ್ಟು ಹಲವು ಪಟ್ಟು ನಿಧಾನವಾಗುತ್ತದೆ. ಅಂಥ ಕಡೆ ಒಂದೊಂದು ಟೆಸ್ಟಿನ ಮಿತಿಯನ್ನು ತಿದ್ದುತ್ತ ಕೂರಬೇಡಿ. ಎಲ್ಲ ಮಿತಿಗಳನ್ನೂ ಒಂದೇ ಗುಣಕದಿಂದ ಹಿಗ್ಗಿಸಿ. ಮಿತಿ ಗೊತ್ತುಮಾಡಲು ನನ್ನ ರೂಢಿ ಹೀಗೆ: ಟೆಸ್ಟು ನಿಜವಾಗಿ ಓಡುವ ಸಿಐ ಯಂತ್ರದಲ್ಲಿ (ಕೋಡು ಬದಲಾದಾಗಲೆಲ್ಲ ಟೆಸ್ಟುಗಳನ್ನು ತಾನಾಗಿ ಓಡಿಸುವ ಯಂತ್ರ) ಕೆಲವು ವಾರ ಅಳೆದು, ಕಂಡ ಅತಿ ನಿಧಾನದ ಓಟದ ಮೂರು ಪಟ್ಟು. ಲ್ಯಾಪ್‌ಟಾಪಿನ ಅಂಕಿ ಇಟ್ಟುಕೊಂಡು ಸಿಐಗೆ ಮಿತಿ ಹಾಕಿದವರು ಸಿಐಯನ್ನು ಬೈಯುತ್ತಲೇ ಇರುತ್ತಾರೆ. ಮಿತಿ ತೀರಾ ಸಡಿಲವಾಗಿದ್ದರೂ ಎಚ್ಚರಿಸು ಎಂದು ಬೇಜೆಲ್‌ಗೆ ಹೇಳಬಹುದು, ಇದು ಅನೇಕರಿಗೆ ಗೊತ್ತಿಲ್ಲದ ಸೌಲಭ್ಯ.

ಮಿತಿ ಮುಗಿದಾಗ ಟೆಸ್ಟು ಹೇಗೆ ಸಾಯುತ್ತದೆ ಎಂಬುದೂ ಮುಖ್ಯ, ಇದರ ಬಗ್ಗೆ ಯಾರೂ ಕೇಳುವುದಿಲ್ಲ. ಗೋ ಭಾಷೆಯ ಟೆಸ್ಟು ಸಾಯುವಾಗ ಆ ಕ್ಷಣದಲ್ಲಿ ಯಾರು ಯಾರು ಎಲ್ಲೆಲ್ಲಿ ಕಾಯುತ್ತಿದ್ದರೆಂಬ ಪೂರ್ತಿ ಪಟ್ಟಿ ಬರೆದಿಟ್ಟು ಸಾಯುತ್ತದೆ. ಅರ್ಧ ಪತ್ತೇದಾರಿ ಅಲ್ಲೇ ಮುಗಿಯಿತು. ಜಾವಾದ ಜೆಯುನಿಟ್ 5ರಲ್ಲಿರುವ ದಾರಿಗಳಲ್ಲಿ ಎರಡನ್ನು ನೋಡಿ. ಒಂದು, ಟೆಸ್ಟು ಮುಗಿಯುವವರೆಗೂ ಬಿಟ್ಟು ಆಮೇಲೆ ‘ತಡವಾಯಿತು’ ಎನ್ನುವುದು. ಇದು ಸಿಕ್ಕಿಹಾಕಿಕೊಂಡ ಟೆಸ್ಟನ್ನು ಬಿಡಿಸುವುದಿಲ್ಲ. ಇನ್ನೊಂದು, ಕೆಲಸವನ್ನು ಬೇರೆ ಥ್ರೆಡ್ಡಿಗೆ ಕೊಟ್ಟು ಹೊತ್ತು ಮುಗಿದೊಡನೆ ಕತ್ತರಿಸುವುದು. ಈ ಎರಡನೆಯದರಲ್ಲಿ ಒಂದು ಗುಂಡಿ ಇದೆ. ಸ್ಪ್ರಿಂಗ್ ಎಂಬ ಜಾವಾ ಚೌಕಟ್ಟು ಬಳಸುವವರ ಡೇಟಾಬೇಸ್ ವಹಿವಾಟು ಮೂಲ ಥ್ರೆಡ್ಡಿಗೆ ಕಟ್ಟಿಕೊಂಡಿರುತ್ತದೆ. ಬೇರೆ ಥ್ರೆಡ್ಡಿನಲ್ಲಿ ಬರೆದದ್ದು ಟೆಸ್ಟಿನ ಕೊನೆಗೆ ಅಳಿಸಿಹೋಗದೆ ಉಳಿದುಬಿಡಬಹುದು. ಮುಂದಿನ ಟೆಸ್ಟು ಆ ಉಳಿಕೆಯನ್ನು ಕಂಡು ಫೇಲಾಗುತ್ತದೆ, ನೀವು ಹುಡುಕುವುದು ಅದನ್ನು, ತಪ್ಪಿರುವುದು ಹಿಂದಿನದರಲ್ಲಿ.

60 ಸೆಕೆಂಡು ಎಂದ ಮಾತ್ರಕ್ಕೆ ಸ್ಮಾಲ್ ಟೆಸ್ಟು ಅಷ್ಟು ಹೊತ್ತು ಓಡಬಹುದೆಂದು ಯಾರೂ ತಿಳಿಯಬಾರದು. 2,000 ಟೆಸ್ಟುಗಳು ತಲಾ 60 ಸೆಕೆಂಡು ತೆಗೆದುಕೊಂಡರೆ ಒಂದರ ಹಿಂದೆ ಒಂದು ಓಡಿ ಮುಗಿಯಲು 33 ಗಂಟೆ ಬೇಕು. ತಲಾ ಒಂದು ಸೆಕೆಂಡಿನ ಹತ್ತನೇ ಒಂದು ಭಾಗವಾದರೆ 3 ನಿಮಿಷ 20 ಸೆಕೆಂಡು. ಪ್ರೋಗ್ರಾಮಿಂಗ್ ಲೇಖಕ ಕೇಂಟ್ ಬೆಕ್ ಇಡೀ ಬಿಲ್ಡು ಹತ್ತು ನಿಮಿಷದೊಳಗೆ ಮುಗಿಯಬೇಕೆಂದು ಹಿಂದೆಯೇ ಹೇಳಿದ್ದರು. ಅದರಾಚೆಗೆ ಹೋದರೆ ಜನ ಓಡಿಸುವುದನ್ನೇ ಕಡಿಮೆ ಮಾಡುತ್ತಾರೆ. ಗೂಗಲ್‌ನ ಅಂಕಿಗಳು ಸಾವಿರಾರು ಎಂಜಿನಿಯರುಗಳು ಒಂದೇ ಕೋಡ್ ರಾಶಿಯಲ್ಲಿ ಕೆಲಸ ಮಾಡುವ ಜಾಗದವು. ಕೋಲಾರದಲ್ಲೋ ಮುಳಬಾಗಿಲಿನಲ್ಲೋ ಆರು ಜನರ ತಂಡ ಕಟ್ಟಿಕೊಂಡು ತರಕಾರಿ ಮಂಡಿಗೋ ಡೈರಿಗೋ ತಂತ್ರಾಂಶ ಮಾಡುವವರಿಗೆ ಅದು ದೊಡ್ಡವರ ಅಂಗಿ. ಅವರಿಗೆ ನನ್ನ ಸಲಹೆ: ಸ್ಮಾಲಿಗೆ ಒಂದು ಸೆಕೆಂಡು, ಮೀಡಿಯಮ್ಮಿಗೆ 30 ಸೆಕೆಂಡು, ಲಾರ್ಜಿಗೆ 10 ನಿಮಿಷ. ನಾಲ್ಕನೇ ಗಾತ್ರದ ಗೊಡವೆ ಬೇಡ. ಸ್ಮಾಲನ್ನು ಫೈಲ್ ಉಳಿಸಿದಾಗಲೆಲ್ಲ ಓಡಿಸಿ, ಮೀಡಿಯಮ್ಮನ್ನು ಕೋಡು ಸೇರಿಸುವ ಮುಂಚೆ, ಲಾರ್ಜನ್ನು ರಾತ್ರಿ.

ಮುಳಬಾಗಿಲಿನ ಓದುಗರ ಪ್ರಾಜೆಕ್ಟು ಏಳೆಂಟು ವರ್ಷ ಹಳೆಯದಂತೆ, ಟೆಸ್ಟುಗಳು ಯಾವ ವಿಂಗಡಣೆಯೂ ಇಲ್ಲದೆ ಒಂದೇ ರಾಶಿಯಲ್ಲಿವೆ. ಅವರು ಮಿತಿಗಳಿಂದ ಶುರು ಮಾಡಬಾರದು. ಮೊದಲ ದಿನವೇ ನೂರಾರು ಕೆಂಪು ಕಂಡು ತಂಡದವರು ಮಿತಿ ಹಾಕಿದ ಸಾಲನ್ನೇ ಅಳಿಸುತ್ತಾರೆ. ಮೊದಲು ಅತಿ ನಿಧಾನದ ಹತ್ತು ಟೆಸ್ಟುಗಳ ಪಟ್ಟಿ ತೆಗೆಯಲಿ. ಪೈಟೆಸ್ಟಿನಲ್ಲಿ ಅದಕ್ಕೆ ಡ್ಯುರೇಷನ್ಸ್ ಎಂಬ ಸೂಚನೆಯೇ ಇದೆ. ಆ ಹತ್ತಕ್ಕೆ ಲಾರ್ಜ್ ಎಂದು ಗುರುತು ಹಾಕಿ ರಾತ್ರಿಯ ಸರದಿಗೆ ದೂಡಲಿ. ಗೋದಲ್ಲಿ ‘ಶಾರ್ಟ್’ ಎಂಬ ಸ್ವಿಚ್ಚು, ಜೆಯುನಿಟ್‌ನಲ್ಲಿ ಟ್ಯಾಗು ಈ ಕೆಲಸಕ್ಕೇ ಇವೆ. ಎರಡನೇ ಹೆಜ್ಜೆಯಾಗಿ ಉಳಿದ ಟೆಸ್ಟುಗಳನ್ನು ಒಂದು ಸಲ ನೆಟ್‌ವರ್ಕ್ ಪೂರ್ತಿ ಕಡಿದು ಓಡಿಸಲಿ. ಪೈಟೆಸ್ಟಿಗೆ ಇದಕ್ಕೊಂದು ಪ್ಲಗಿನ್ ಇದೆ, ಏನೂ ಇಲ್ಲದಿದ್ದರೆ ವೈಫೈ ಆರಿಸಿದರೂ ಆಯಿತು. ಆಗ ಬೀಳುವ ಟೆಸ್ಟುಗಳು ಯಾವುವು ಎಂದು ಬರೆದುಕೊಳ್ಳಲಿ. ಲೆಕ್ಕ ಮಾತ್ರ ಮಾಡುತ್ತದೆ ಎಂದು ಎಲ್ಲರೂ ನಂಬಿದ್ದ ಟೆಸ್ಟುಗಳಲ್ಲಿ ಕೆಲವಾದರೂ ಯಾವುದೋ ಲೈಬ್ರರಿಯ ಮೂಲಕ ಹೊರಗೆ ಹೋಗಿ ಬರುತ್ತಿರುತ್ತವೆ. ದರಪಟ್ಟಿಯ ಕೊನೇ ಆವೃತ್ತಿ ತರಲೋ, ಇವತ್ತಿನ ತಾರೀಖು ಕೇಳಲೋ. ಅವನ್ನು ಸರಿಪಡಿಸಿದ ಮೇಲೆ ಒಂದು ಸೆಕೆಂಡಿನ ಮಿತಿ ಹಾಕಿದರೆ ಯಾರಿಂದಲೂ ತಕರಾರು ಬರುವುದಿಲ್ಲ, ಆ ಹೊತ್ತಿಗೆ ಅದನ್ನು ಮೀರುವ ಟೆಸ್ಟುಗಳು ಬೆರಳೆಣಿಕೆಯಷ್ಟೇ ಉಳಿದಿರುತ್ತವೆ.